ಡಯಲ್ ಮಾಡಿದವರಿಗೆ ಐಪಿ ವಿಳಾಸ ಕೊಡುವವರು ಯಾರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಿರಗುಟ್ಟುವ ಮೋಡೆಮ್ ಮನೆಗಳಿಂದ ಮರೆಯಾಗಿ ವರ್ಷಗಳೇ ಕಳೆದರೂ ಡಯಲ್-ಅಪ್ ಬಗ್ಗೆ ಪತ್ರ ಬರುವುದು ನಿಂತಿಲ್ಲ. ಆಗ ಐಪಿ ವಿಳಾಸ (ಜಾಲದಲ್ಲಿ ಗಣಕವನ್ನು ಗುರುತಿಸುವ ಅಂಕಿ) ಹಂಚುತ್ತಿದ್ದ ಪಿಪಿಪಿ, ಅಂದರೆ ಲೈನಿನ ಎರಡು ತುದಿಗಳು ಮಾತಾಡಿಕೊಳ್ಳುವ ಪದ್ಧತಿ, ಇವತ್ತಿಗೂ ಬಿಎಸ್‌ಎನ್‌ಎಲ್ ಫೈಬರಿನ ಪಿಪಿಪಿಒಇ (ಈಥರ್ನೆಟ್ ಮೇಲೆ ಓಡುವ ಪಿಪಿಪಿ) ಲಾಗಿನ್‌ನಲ್ಲಿದೆ, ತೋಟದ ಪಂಪಿಗೆ ಕಟ್ಟಿದ ಸಿಮ್ ಮಾಡ್ಯೂಲಿನಲ್ಲೂ ಇದೆ. ಹೀಗಾಗಿ ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಉದಾಹರಣೆಗಳಲ್ಲಿ ಬರುವ 203.0.113 ಎಂಬ ವಿಳಾಸ ಸಾಲು ಪುಸ್ತಕ, ಪತ್ರಿಕೆಗಳ ಬಳಕೆಗೆಂದೇ ಮೀಸಲಿಟ್ಟದ್ದು. ಅದನ್ನು ಹಾಗೇ ನಕಲು ಮಾಡಿ ಹಾಕಿದರೆ ಇಂಟರ್ನೆಟ್ಟಿನಲ್ಲಿ ನಡೆಯದು.

ಪ್ರಶ್ನೆ: ಮನೆಯ ವೈಫೈನಲ್ಲಿ ರೂಟರಿನೊಳಗಿನ ಡಿಎಚ್‌ಸಿಪಿ ವಿಳಾಸ ಹಂಚುತ್ತದೆ. ಫೋನ್ ಲೈನಿನಲ್ಲಿ ಡಯಲ್ ಮಾಡಿದಾಗ ಆ ಡಿಎಚ್‌ಸಿಪಿ ಸರ್ವರ್ ಎಲ್ಲಿರುತ್ತದೆ? ಪಠ್ಯಪುಸ್ತಕದ ಪಿಪಿಪಿ ಅಧ್ಯಾಯದಲ್ಲಿ ಅದರ ಹೆಸರೇ ಇಲ್ಲ. (ಬಿ.ಇ. ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಪುಸ್ತಕ ಸರಿಯಾಗೇ ಇದೆ. ಡಿಎಚ್‌ಸಿಪಿಯಲ್ಲಿ ಹೊಸದಾಗಿ ಬಂದ ಯಂತ್ರ "ಯಾರಾದರೂ ನನಗೊಂದು ವಿಳಾಸ ಕೊಡಿ" ಎಂದು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ಹಲವರು ಸೇರಿ ಬಳಸುವ ಈಥರ್ನೆಟ್ಟಿಗೆ ಅದು ತಕ್ಕ ಪದ್ಧತಿ. ಫೋನ್ ಲೈನಿಗೆ ಇರುವುದೇ ಎರಡು ತುದಿ. ಕೂಗಬೇಕಾಗಿಲ್ಲ, ಎದುರಿಗಿರುವವರೊಡನೆ ನೇರ ಮಾತಾಡಿದರೆ ಸಾಕು. ಆ ಮಾತುಕತೆಯ ಹೆಸರು ಐಪಿಸಿಪಿ. 1992ರ ಆರ್‌ಎಫ್‌ಸಿ 1332ರಲ್ಲಿ (ಇಂಟರ್ನೆಟ್ ಪದ್ಧತಿಗಳನ್ನು ಬರೆದಿಡುವ ದಾಖಲೆಗಳ ಸಾಲಿನದು) ಅದರ ವಿವರವಿದೆ.

ಕ್ರಮ ಹೀಗೆ. ಮೋಡೆಮ್‌ಗಳೆರಡೂ ಒಂದನ್ನೊಂದು ಹಿಡಿದ ಮೇಲೆ ಮೊದಲು ಎಲ್‌ಸಿಪಿ ನಡೆಯುತ್ತದೆ: ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು, ಪಾಸ್‌ವರ್ಡನ್ನು ಪ್ಯಾಪ್‌ನಲ್ಲಿ ಕೇಳುವುದೋ ಚ್ಯಾಪ್‌ನಲ್ಲೋ ಎಂದು ಮಾತಾಡಿಕೊಳ್ಳುತ್ತವೆ. ಆಮೇಲೆ ಹೆಸರು-ಪಾಸ್‌ವರ್ಡ್ ಪರೀಕ್ಷೆ. ಅದು ಪಾಸಾದರೆ ಮಾತ್ರ ಐಪಿಸಿಪಿ ಶುರು. ನಿಮ್ಮ ಯಂತ್ರ ಕಳಿಸುವ ಮೊದಲ ಐಪಿಸಿಪಿ ಕೋರಿಕೆಯ ಬೈಟುಗಳನ್ನು ದಶಮಾನದಲ್ಲಿ ಬರೆದರೆ:

1, 1, 0, 10, 3, 6, 0, 0, 0, 0

ಮೊದಲ 1 ಎಂದರೆ ಇದು ಕೋರಿಕೆ. ಎರಡನೆಯ 1 ಅದರ ಕ್ರಮಸಂಖ್ಯೆ. 0, 10 ಸೇರಿ ಒಟ್ಟು ಉದ್ದ ಹತ್ತು ಬೈಟ್. 3 ಎಂದರೆ "ಐಪಿ ವಿಳಾಸ" ಎಂಬ ಆಯ್ಕೆ, 6 ಎಂದರೆ ಆ ಆಯ್ಕೆಯ ಉದ್ದ. ಉಳಿದ ನಾಲ್ಕು ಸೊನ್ನೆ ನೀವು ಕೇಳುತ್ತಿರುವ ವಿಳಾಸ: 0.0.0.0. "ನನ್ನ ಹತ್ತಿರ ವಿಳಾಸವಿಲ್ಲ, ನೀನೇ ಹೇಳು" ಎಂದು ಅರ್ಥ. ಅದಕ್ಕೆ ಬರುವ ಉತ್ತರ:

3, 1, 0, 10, 3, 6, 203, 0, 113, 25

ಮೊದಲ ಬೈಟ್ 3 ಆಗಿದೆ, ಅಂದರೆ ನಾಕ್. ಕೋರಿಕೆ ತಿರಸ್ಕಾರವಾಗಿದೆ! ತಿರಸ್ಕರಿಸುತ್ತಲೇ "ಇದನ್ನು ಕೇಳಿದರೆ ಒಪ್ಪುತ್ತೇನೆ" ಎಂದು ಸರ್ವರ್ ವಿಳಾಸವನ್ನು ಮುಂದಿಡುತ್ತದೆ. ಸಂತೆಯ ಚೌಕಾಸಿಯ ಹಾಗೆ: ನೀವೊಂದು ಬೆಲೆ ಹೇಳುತ್ತೀರಿ, ಅಂಗಡಿಯವನು ತಲೆಯಾಡಿಸಿ ಇನ್ನೊಂದು ಹೇಳುತ್ತಾನೆ. ನಿಮ್ಮ ಯಂತ್ರ 203.0.113.25 ಎಂದು ತುಂಬಿ 2ನೇ ಕ್ರಮಸಂಖ್ಯೆಯ ಕೋರಿಕೆ ಕಳಿಸುತ್ತದೆ. ಈ ಸಲ ಮೊದಲ ಬೈಟ್ 2 ಇರುವ ಆಕ್, ಅಂದರೆ ಒಪ್ಪಿಗೆ, ಬರುತ್ತದೆ. ಇದರ ಜತೆಜತೆಗೇ ಸರ್ವರ್ ಕೂಡ "ನನ್ನ ವಿಳಾಸ 203.0.113.1, ಒಪ್ಪಿಗೆಯೇ?" ಎಂದು ತನ್ನ ಕೋರಿಕೆ ಕಳಿಸುತ್ತದೆ, ನಿಮ್ಮ ಯಂತ್ರ ಆಕ್ ಕೊಡುತ್ತದೆ. ಒಟ್ಟು ಆರು ಪ್ಯಾಕೆಟ್. ಲೈನ್ ಚೆನ್ನಾಗಿದ್ದರೆ ಇಷ್ಟೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಸಂಪರ್ಕಕ್ಕೆ ಹಿಡಿಯುತ್ತಿದ್ದ ಅರ್ಧ ನಿಮಿಷದಲ್ಲಿ ಬಹುಪಾಲು ಮೋಡೆಮ್‌ಗಳ ಕಿರುಚಾಟಕ್ಕೇ ಹೋಗುತ್ತಿತ್ತು.

ಪರೀಕ್ಷೆಗೆ ಬರೆಯುವಾಗ ಎರಡು ವ್ಯತ್ಯಾಸ ಬಿಡಬೇಡಿ. ಡಿಎಚ್‌ಸಿಪಿಯಲ್ಲಿ ವಿಳಾಸಕ್ಕೆ ಅವಧಿಯಿದೆ, ನವೀಕರಣವಿದೆ. ಐಪಿಸಿಪಿಯಲ್ಲಿ ಅವಧಿ ಎಂಬುದೇ ಇಲ್ಲ, ಲೈನ್ ಕಡಿದರೆ ವಿಳಾಸವೂ ಹೋಯಿತು. ಇನ್ನೊಂದು, ಮೂಲ ಐಪಿಸಿಪಿಯಲ್ಲಿ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ವಿಳಾಸ ಹೇಳುವ ದಾರಿಯೇ ಇರಲಿಲ್ಲ. 129 ಮತ್ತು 131ನೇ ಆಯ್ಕೆಗಳಾಗಿ ಅದನ್ನು ಮೈಕ್ರೋಸಾಫ್ಟಿನವರು ಸೇರಿಸಿದರು. 1995ರ ಡಿಸೆಂಬರಿನ ಆರ್‌ಎಫ್‌ಸಿ 1877ರಲ್ಲಿ ಅದು ದಾಖಲಾಗಿದೆ. ಹಳೆಯ ಕೈಪಿಡಿಗಳಲ್ಲಿ ಡಿಎನ್‌ಎಸ್ ಅಂಕಿಗಳನ್ನು ಕೈಯಾರೆ ತುಂಬಿಸಿ ಎಂದಿರುವುದು ಇದೇ ಕಾರಣಕ್ಕೆ.

ಕೆಲವು ಕಡೆ ಮಾತ್ರ ಡಿಎಚ್‌ಸಿಪಿ ತೆರೆಮರೆಯಲ್ಲಿ ಬರುತ್ತದೆ. ವಿಂಡೋಸ್ 2000ರ ಡಯಲ್-ಇನ್ ಸರ್ವರ್ ಕಚೇರಿಯ ಡಿಎಚ್‌ಸಿಪಿಯಿಂದ ಒಮ್ಮೆಗೆ ಹತ್ತು ವಿಳಾಸ ಎತ್ತಿಕೊಂಡು, ಒಂದನ್ನು ತಾನಿಟ್ಟುಕೊಂಡು, ಮಿಕ್ಕವನ್ನು ಕರೆ ಮಾಡಿದವರಿಗೆ ಐಪಿಸಿಪಿಯಲ್ಲಿ ಕೊಡುತ್ತದೆ. ಅಂಥ ಕಡೆ ಕರೆ ಮಾಡಿದವರಿಗೆಲ್ಲ 169.254ರಿಂದ ಶುರುವಾಗುವ ವಿಳಾಸ ಬರುತ್ತಿದ್ದರೆ, ಸರ್ವರಿಗೇ ಡಿಎಚ್‌ಸಿಪಿ ಸಿಕ್ಕಿಲ್ಲ ಎಂದು ತಿಳಿಯಿರಿ. ಕರೆ ಮಾಡಿದವರ ಗಣಕವನ್ನು ತಡಕಾಡಿ ಪ್ರಯೋಜನವಿಲ್ಲ.

ಪ್ರಶ್ನೆ: ಪ್ರತಿ ಸಲ ಸಂಪರ್ಕ ಮಾಡಿದಾಗಲೂ ಬೇರೆ ವಿಳಾಸ ಬರುವುದೇಕೆ? ಅದೇ ವಿಳಾಸ ಉಳಿಸಿಕೊಳ್ಳಲು ನಮ್ಮ ಕಡೆಯಿಂದ ಏನಾದರೂ ಮಾಡಬಹುದೇ? (ಒಬ್ಬ ಓದುಗರು, ಸಾಗರ)

ಉತ್ತರ: ಕೇಳಬಹುದು, ಕೊಡುವುದು ಬಿಡುವುದು ಎದುರಿನವರಿಗೆ ಬಿಟ್ಟದ್ದು. 0.0.0.0 ಬದಲು ಹಿಂದಿನ ವಿಳಾಸವನ್ನೇ ತುಂಬಿ ಕೋರಿಕೆ ಕಳಿಸಲು ಐಪಿಸಿಪಿಯಲ್ಲಿ ಅಡ್ಡಿಯಿಲ್ಲ. ಸೇವೆ ಕೊಡುವವರ ಸರ್ವರ್ ಸಾಮಾನ್ಯವಾಗಿ ಅದಕ್ಕೂ ನಾಕ್ ಕೊಟ್ಟು ತನ್ನದನ್ನೇ ಮುಂದಿಡುತ್ತದೆ. ನೀವು ಪಟ್ಟು ಹಿಡಿದರೆ ಲೈನ್ ಕಡಿಯುತ್ತದೆ, ಅಷ್ಟೆ.

ಕಾರಣ ತಿಳಿಯಲು ಆ ತುದಿಯಲ್ಲಿ ಏನಿದೆ ನೋಡಬೇಕು. ನಮ್ಮ ದೇಶದಲ್ಲಿ ಡಯಲ್-ಅಪ್ ಸರ್ವರಿಗೆ ಬರುವ ಇ1 ಪಿಆರ್‌ಐ ಎಂಬ ಡಿಜಿಟಲ್ ಲೈನ್ ಒಂದರಲ್ಲಿ 30 ಕರೆ ಹಿಡಿಯುತ್ತವೆ. ನಾಲ್ಕು ಇ1 ಇದ್ದರೆ ಒಂದು ಹೊತ್ತಿಗೆ 120 ಜನ. ಚಂದಾದಾರರು ಸಾವಿರಾರು ಇದ್ದರೂ ಬೇಕಾಗುವುದು 120 ವಿಳಾಸ. 128ರ ಒಂದು ಕಂತೆಯಲ್ಲಿ ಸುಧಾರಿಸಬಹುದು. ಎಂಟು ಇ1ಗೆ 240, 256ರ ಕಂತೆ ಸಾಕು. (ಕಂತೆಯಲ್ಲಿ .0 ಮತ್ತು .255 ಎಂದು ಮುಗಿಯುವ ವಿಳಾಸಗಳನ್ನು ಕೊಡದಿರುವುದು ಲೇಸು. ಒಂಟಿ ಲೈನಿನಲ್ಲಿ ಅವು ತಾತ್ವಿಕವಾಗಿ ನಡೆಯುತ್ತವೆ. ದಾರಿಯಲ್ಲಿ ಸಿಗುವ ಹಳೆಯ ಉಪಕರಣಗಳು ಅವನ್ನು ಕಂಡರೆ ಕೆಲವೊಮ್ಮೆ ಪ್ಯಾಕೆಟ್ ಬಿಸಾಡುತ್ತವೆ.) ಒಬ್ಬರು ಲೈನ್ ಬಿಟ್ಟ ತಕ್ಷಣ ಆ ವಿಳಾಸ ಮುಂದಿನವರ ಪಾಲು.

ಕಾಯಂ ವಿಳಾಸಕ್ಕೆ ಹಣ ಕೊಟ್ಟವರ ಲೆಕ್ಕ, ಹೆಸರು-ಪಾಸ್‌ವರ್ಡ್ ಪರೀಕ್ಷಿಸಿ ಬಳಕೆಯ ಲೆಕ್ಕ ಇಡುವ ರೇಡಿಯಸ್ ಸರ್ವರಿನಲ್ಲಿರುತ್ತದೆ. ನಿಮ್ಮ ಪಾಸ್‌ವರ್ಡ್ ಸರಿಯೆಂದು ಹೇಳುವ ಉತ್ತರದಲ್ಲೇ 8ನೇ ಗುಣವಾಗಿ, ಫ್ರೇಮ್ಡ್ ಐಪಿ ಅಡ್ರೆಸ್ ಎಂಬ ಹೆಸರಿನಲ್ಲಿ, ನಿಮ್ಮ ವಿಳಾಸ ಬರುತ್ತದೆ. ಅಲ್ಲಿ 255.255.255.254 ಇದ್ದರೆ "ನಿನ್ನ ಕಂತೆಯಿಂದ ಯಾವುದಾದರೂ ಕೊಡು" ಎಂದು ಡಯಲ್ ಸರ್ವರಿಗೆ ಅಪ್ಪಣೆ. 255.255.255.255 ಇದ್ದರೆ ಕರೆ ಮಾಡಿದವರು ಕೇಳಿದ್ದನ್ನು ಒಪ್ಪಬಹುದು. ಹೊರಗಿನವರಿಗೆ ಸೇವೆ ಕೊಡುವ ಕಡೆ ಹೀಗೆ ಇಟ್ಟಿದ್ದರೆ ಅದು ತಪ್ಪು ಎಂದೇ ನಮ್ಮ ಅಭಿಪ್ರಾಯ. ಕಾಯಂ ವಿಳಾಸದಲ್ಲಿ ಇನ್ನೊಂದು ತೊಡಕಿದೆ: ಇವತ್ತು ನಿಮ್ಮ ಕರೆ ಒಂದು ಡಯಲ್ ಸರ್ವರ್ ಪೆಟ್ಟಿಗೆಗೆ ಬಿದ್ದರೆ ನಾಳೆ ಇನ್ನೊಂದಕ್ಕೆ ಬೀಳಬಹುದು. ಆ ಒಂದೇ ಒಂದು ವಿಳಾಸದ ದಾರಿ ಈಗ ಎತ್ತ ತಿರುಗಿದೆ ಎಂದು ಪ್ರತಿ ಸಲ ಒಳಗಿನ ರೂಟರುಗಳಿಗೆ ಸಾರಬೇಕು. ಕಾಯಂ ವಿಳಾಸಕ್ಕೆ ಹೆಚ್ಚು ದುಡ್ಡು ಕೇಳುತ್ತಿದ್ದುದರಲ್ಲಿ ಈ ತಾಪತ್ರಯದ ಪಾಲೂ ಉಂಟು.

ಕಂತೆಯನ್ನು ಡಯಲ್ ಸರ್ವರಿನಲ್ಲೇ ಇಡಬೇಕೋ, ಎಲ್ಲಕ್ಕೂ ಸೇರಿ ರೇಡಿಯಸ್‌ನಲ್ಲಿ ಇಡಬೇಕೋ ಎಂದು ಕೇಳುವವರಿಗೆ: ಡಯಲ್ ಸರ್ವರಿನಲ್ಲೇ ಇಡಿ. ಲೈನ್ ಕಡಿದದ್ದು ಅದಕ್ಕೆ ಕೂಡಲೇ ಗೊತ್ತಾಗುತ್ತದೆ. ರೇಡಿಯಸ್‌ಗೆ ಅದು ತಿಳಿಯುವುದು ಲೆಕ್ಕದ "ಸ್ಟಾಪ್" ಪ್ಯಾಕೆಟ್ ಬಂದರೆ ಮಾತ್ರ, ಮತ್ತು ಅದು ಬರುವುದು ತಲುಪುವ ಖಾತರಿಯಿಲ್ಲದ ಯುಡಿಪಿಯಲ್ಲಿ. ಕಳೆದುಹೋದರೆ ಖಾಲಿಯಾದ ವಿಳಾಸ ಬಳಕೆಯಲ್ಲಿದೆ ಎಂದೇ ಲೆಕ್ಕದಲ್ಲಿ ಉಳಿಯುತ್ತದೆ. ಅಂಥವು ಹತ್ತಿಪ್ಪತ್ತು ಸೇರಿದರೆ, ಮೋಡೆಮ್ ಖಾಲಿ ಇದ್ದರೂ ವಿಳಾಸ ಸಿಗದೆ ಕರೆಗಳು ಬಿದ್ದುಹೋಗುತ್ತವೆ. ಆಡಳಿತದವರು ಸಿಟ್ಟಿನಲ್ಲಿ ಲೆಕ್ಕವನ್ನೆಲ್ಲ ಒರೆಸಿದರೆ ಅದರ ತಿರುಗುಮುರುಗು: ಲೈನಿನಲ್ಲಿ ಇರುವವರ ವಿಳಾಸವೇ ಇನ್ನೊಬ್ಬರಿಗೂ ಹೋಗುತ್ತದೆ. ಆಗ ಇಬ್ಬರಿಗೂ "ಸಂಪರ್ಕವಾಗಿದೆ" ಎಂದು ತೋರಿಸುತ್ತದೆ, ಒಬ್ಬರಿಗೆ ಒಂದು ಬೈಟೂ ವಾಪಸ್ ಬರುವುದಿಲ್ಲ. ರೇಡಿಯಸ್‌ನಲ್ಲೇ ಇಡಲೇಬೇಕಾದರೆ ಮಧ್ಯೆ ಮಧ್ಯೆ ಲೆಕ್ಕ ಕಳಿಸುವ ವ್ಯವಸ್ಥೆ ಹಾಕಿ. ಎರಡು ಸರದಿ ತಪ್ಪಿದವರನ್ನು ಮಾತ್ರ ತೆಗೆದುಹಾಕಿ.

ಪ್ರಶ್ನೆ: ಡಯಲ್-ಅಪ್ ಸಂಪರ್ಕದ ವಿವರದಲ್ಲಿ ಸಬ್‌ನೆಟ್ ಮಾಸ್ಕ್ 255.255.255.255 ಎಂದಿದೆ, ಗೇಟ್‌ವೇ ಜಾಗದಲ್ಲಿ ನನ್ನದೇ ವಿಳಾಸವಿದೆ. ತಪ್ಪು ಬಿದ್ದಿದೆಯೇ? (ಗಣಕ ಶಿಕ್ಷಕರು, ಯಾದಗಿರಿ)

ಉತ್ತರ: ತಪ್ಪಿಲ್ಲ. ಈಥರ್ನೆಟ್‌ನಲ್ಲಿ ಮಾಸ್ಕ್ ಬೇಕಾಗುವುದು "ಈ ವಿಳಾಸದವರು ನನ್ನ ಬೀದಿಯವರೇ, ಹೊರಗಿನವರೇ" ಎಂದು ತೀರ್ಮಾನಿಸಲು. ಇಲ್ಲಿ ನಿಮ್ಮ ಬೀದಿಯಲ್ಲಿ ನೀವೊಬ್ಬರೇ. ತಂತಿಗೆ ಹಾಕಿದ ಪ್ಯಾಕೆಟ್ ಆ ತುದಿಗಲ್ಲದೆ ಬೇರೆಲ್ಲಿಗೂ ಹೋಗಲಾರದು, ಹಾಗಾಗಿ ಗೇಟ್‌ವೇಯ ಅಂಕಿ ಯಾವುದಿದ್ದರೂ ನಡೆಯುತ್ತದೆ. ಹಳೆಯ ವಿಂಡೋಸ್ ಅಲ್ಲಿ ನಿಮ್ಮದನ್ನೇ ಬರೆದು ಕೈತೊಳೆದುಕೊಂಡಿತು. ಲಿನಕ್ಸ್ ಹೆಚ್ಚು ಪ್ರಾಮಾಣಿಕ: ನಿಮ್ಮ ವಿಳಾಸ, ಎದುರಿನವರ ವಿಳಾಸ ಎರಡನ್ನೂ ತೋರಿಸುತ್ತದೆ. ಅವೆರಡೂ ಒಂದೇ ಸಬ್‌ನೆಟ್ಟಿನಲ್ಲಿ ಇರಬೇಕೆಂದೇನೂ ಇಲ್ಲ. ಎದುರಿನ ಪೆಟ್ಟಿಗೆ ತನ್ನ 120 ಲೈನಿಗೂ ಒಂದೇ ವಿಳಾಸ ಹೇಳುವುದು ಮಾಮೂಲು.

ಪ್ರಶ್ನೆ: ತೋಟದ ನೀರಿನ ತೊಟ್ಟಿಯ ಮಟ್ಟ ಕಳಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಕ್ಕೆ ಸಿಮ್800 ಎಂಬ ಮೊಬೈಲ್ ಮಾಡ್ಯೂಲ್ ಜೋಡಿಸಿದ್ದೇನೆ. ಪಿಪಿಪಿಡಿ (ಲಿನಕ್ಸಿನಲ್ಲಿ ಪಿಪಿಪಿ ನಡೆಸುವ ತಂತ್ರಾಂಶ) ಲಾಗಿನಲ್ಲಿ "ಕುಡ್ ನಾಟ್ ಡಿಟರ್ಮಿನ್ ರಿಮೋಟ್ ಐಪಿ ಅಡ್ರೆಸ್: ಡಿಫಾಲ್ಟಿಂಗ್ ಟು 10.64.64.64" ಎಂದು ಬರುತ್ತದೆ. ಆ ವಿಳಾಸ ಯಾರದು? ಅದಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪ್ಯಾಕೆಟ್) ಹೊಡೆದರೆ ಉತ್ತರವಿಲ್ಲ. ಜತೆಗೆ ಸಂಪರ್ಕ ಆಗಾಗ ಕಡಿಯುತ್ತದೆ, ಮನೆಯಿಂದ ಪೈಗೆ ಲಾಗಿನ್ ಆಗಲೂ ಬರುತ್ತಿಲ್ಲ. (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಯಾರದೂ ಅಲ್ಲ. ಮೊದಲ ಉತ್ತರದಲ್ಲಿ ಹೇಳಿದಂತೆ ಎದುರಿನವರೂ ತಮ್ಮ ವಿಳಾಸ ಹೇಳಬೇಕು. ನಿಮ್ಮ ಮಾಡ್ಯೂಲ್ ಹೇಳಲಿಲ್ಲ. ತುಂಬಲು ಏನಾದರೂ ಬೇಕಲ್ಲ ಎಂದು ಪಿಪಿಪಿಡಿ ತಾನೇ 10.64.64.64 ಎಂದು ಬರೆದುಕೊಂಡಿದೆ. ಎರಡನೇ ಪಿಪಿಪಿ ಸಂಪರ್ಕವೂ ಇದ್ದರೆ ಅದಕ್ಕೆ 10.64.64.65. ಪಿಂಗ್‌ಗೆ ಉತ್ತರ ಬರುವ ಪ್ರಶ್ನೆಯೇ ಇಲ್ಲ. ಆ ಸಾಲನ್ನು ಬಿಟ್ಟು ಮುಂದೆ ನೋಡಿ.

ನೀವು ಗಮನಿಸಬೇಕಾದ್ದು ಬೇರೆ. "ಎಟಿಡಿ*99#" ಎಂದು ಡಯಲ್ ಮಾಡಿದರೂ ಇಲ್ಲಿ ಫೋನ್ ಕರೆ ಹೋಗುವುದಿಲ್ಲ. ಪಿಪಿಪಿ ನಿಮ್ಮ ಪೈಯಿಂದ ಆ ಮಾಡ್ಯೂಲಿನವರೆಗಿನ ಒಂದು ಗೇಣು ತಂತಿಯಲ್ಲೇ ಮುಗಿಯುತ್ತದೆ. ವಿಳಾಸವನ್ನು ಮೊಬೈಲ್ ಕಂಪನಿಯ ಜಾಲ ಮಾಡ್ಯೂಲಿಗೆ ಕೊಡುತ್ತದೆ, ಮಾಡ್ಯೂಲ್ ಅದನ್ನು ಐಪಿಸಿಪಿ ನಾಕ್ ಆಗಿ ನಿಮಗೆ ದಾಟಿಸುತ್ತದೆ. ಇದರಿಂದ ಮೂರು ಸಂಗತಿ ಹೊರಡುತ್ತವೆ.

ಆಯ್ಕೆಗಳ ಕಡತದಲ್ಲಿ "ನೋಐಪಿಡಿಫಾಲ್ಟ್" ಇರಲೇಬೇಕು. ಇಲ್ಲದಿದ್ದರೆ ಪಿಪಿಪಿಡಿ ಪೈಯ ಹೆಸರಿಗಿರುವ ವಿಳಾಸವನ್ನು, ಉದಾಹರಣೆಗೆ 192.168ರಿಂದ ಶುರುವಾಗುವುದನ್ನು, ಹುಡುಕಿ ಅದನ್ನೇ ಕೇಳುತ್ತದೆ. ಕೆಲವು ಮಾಡ್ಯೂಲ್‌ಗಳು ಅದಕ್ಕೆ ಗಲಿಬಿಲಿಗೊಂಡು ಚೌಕಾಸಿ ಮುರಿಯುತ್ತದೆ. ಜತೆಗೆ "ಯೂಸ್‌ಪೀರ್‌ಡಿಎನ್‌ಎಸ್", "ಡಿಫಾಲ್ಟ್‌ರೂಟ್", "ನೋಆಥ್", "ಪರ್ಸಿಸ್ಟ್" ಹಾಕಿ. ಪೈಗೆ ವೈಫೈ ಕೂಡ ಹತ್ತಿದ್ದರೆ ಲಾಗಿನಲ್ಲಿ "ನಾಟ್ ರಿಪ್ಲೇಸಿಂಗ್ ಎಕ್ಸಿಸ್ಟಿಂಗ್ ಡಿಫಾಲ್ಟ್ ರೂಟ್" ಎಂದು ಕಾಣುತ್ತದೆ, ವಿಳಾಸ ಬಂದರೂ ಪ್ಯಾಕೆಟ್‌ಗಳು ವೈಫೈ ಕಡೆಗೇ ಹೋಗುತ್ತವೆ. ಡಯಲ್ ಮಾಡುವ ಮುಂಚೆ ವೈಫೈಯ ಡಿಫಾಲ್ಟ್ ದಾರಿ ತೆಗೆಯಿರಿ.

ಡಯಲ್ ಮಾಡುವ ಮೊದಲು "ಎಟಿ+ಸಿಆರ್‌ಇಜಿ?" ಕೇಳಿ, "0,1" ಅಥವಾ ರೋಮಿಂಗ್‌ನಲ್ಲಿದ್ದರೆ "0,5" ಬರುವವರೆಗೆ ಕಾಯಿರಿ. ಜಾಲಕ್ಕೆ ಸೇರುವ ಮುಂಚೆಯೇ ಡಯಲ್ ಮಾಡಿದರೆ ಎಲ್‌ಸಿಪಿ, ಪಾಸ್‌ವರ್ಡ್ ಎರಡೂ ಸಲೀಸಾಗಿ ದಾಟುತ್ತವೆ (ಅವು ಮಾಡ್ಯೂಲಿನಲ್ಲೇ ಮುಗಿಯುವ ಶಾಸ್ತ್ರ), ಐಪಿಸಿಪಿಗೆ ಬಂದು ನಿಲ್ಲುತ್ತದೆ. 3ಜಿ ಡಾಂಗಲ್‌ಗಳಲ್ಲಿ ಇದರದ್ದೇ ಇನ್ನೊಂದು ರೂಪ: ಡಿಎನ್‌ಎಸ್ ಜಾಗದಲ್ಲಿ 10.11.12.13 ಮತ್ತು 10.11.12.14 ಬರುವುದು. ಅವು ಜಾಲದಿಂದ ನಿಜವಾದ ಉತ್ತರ ಬರುವವರೆಗೆ ಡಾಂಗಲ್ ಇಟ್ಟ ಸುಳ್ಳು ಅಂಕಿಗಳು. ಅವು ಕಂಡರೆ ಕಡಿದು ಮತ್ತೆ ಡಯಲ್ ಮಾಡಿ, ಇಲ್ಲವೇ ಡಿಎನ್‌ಎಸ್ ವಿಳಾಸವನ್ನು ಕೈಯಾರೆ ಹಾಕಿ.

ಲೈನ್ ಜೀವಂತವಿದೆಯೇ ಎಂದು ನೋಡಲು ಎಲ್‌ಸಿಪಿ ಎಕೋ ನಂಬಬೇಡಿ. ಅದಕ್ಕೆ ಉತ್ತರಿಸುವುದೂ ಮಾಡ್ಯೂಲೇ. ಟವರ್ ಸತ್ತಿದ್ದರೂ "ಎಲ್ಲ ಚೆನ್ನಾಗಿದೆ" ಎನ್ನುತ್ತದೆ. ಐದು ನಿಮಿಷಕ್ಕೊಮ್ಮೆ ಹೊರಗಿನ ಒಂದು ಸರ್ವರಿಗೆ ಪಿಂಗ್ ಕಳಿಸಿ, ಮೂರು ಸಲ ತಪ್ಪಿದರೆ ಪಿಪಿಪಿಡಿಯನ್ನು ನಿಲ್ಲಿಸಿ ಮತ್ತೆ ಶುರು ಮಾಡುವ ಪುಟ್ಟ ಸ್ಕ್ರಿಪ್ಟ್ ಬರೆಯಿರಿ.

ಆಗಾಗ ಕಡಿಯುವುದಕ್ಕೆ ಮೊದಲ ಅನುಮಾನ ವಿದ್ಯುತ್ತಿನ ಮೇಲೆ. ಸಿಮ್800 ಸಿಗ್ನಲ್ ಕಳಿಸುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ, ಅದಕ್ಕೆ ಬೇಕಾದ ವೋಲ್ಟೇಜ್ 3.4ರಿಂದ 4.4. ಪೈಯ ಪಿನ್ನಿನಿಂದ ಸಣ್ಣ ತಂತಿಯಲ್ಲಿ ಕೊಟ್ಟರೆ ಆ ಕ್ಷಣ ವೋಲ್ಟೇಜ್ ಕುಸಿದು ಮಾಡ್ಯೂಲ್ ರೀಸ್ಟಾರ್ಟ್ ಆಗುತ್ತದೆ. ಲಾಗಿನಲ್ಲಿ ಕಾಣುವುದು "ಮೋಡೆಮ್ ಹ್ಯಾಂಗಪ್" ಮಾತ್ರ. ಪ್ರತ್ಯೇಕ 4 ವೋಲ್ಟ್ ಪೂರೈಕೆ ಕೊಟ್ಟು, ಮಾಡ್ಯೂಲಿನ ಪಿನ್ನಿಗೆ ಒತ್ತಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ನೆಲದ ತಂತಿಯನ್ನು ಪೈಯೊಂದಿಗೆ ಸೇರಿಸಿ.

ಮನೆಯಿಂದ ಲಾಗಿನ್ ಆಗದಿರುವುದು ದೋಷವಲ್ಲ. ನಿಮಗೆ ಬಂದಿರುವ ವಿಳಾಸ 10ರಿಂದಲೋ, 100.64ರಿಂದ 100.127ರ ನಡುವಿನಿಂದಲೋ ಇದ್ದರೆ ಅದು ಕಂಪನಿಯ ಒಳಜಾಲದ್ದು, ಹೊರಗಿನಿಂದ ಅದಕ್ಕೆ ದಾರಿಯಿಲ್ಲ. ಪೈಯೇ ಹೊರಗಿನ ಸರ್ವರಿಗೆ ಎಂಕ್ಯೂಟಿಟಿ ಎಂಬ ಹಗುರ ಸಂದೇಶ ಪದ್ಧತಿಯಲ್ಲಿ ನೀರಿನ ಮಟ್ಟ ಕಳಿಸಲಿ. ಲಾಗಿನ್ ಬೇಕೇಬೇಕೆಂದರೆ ಪೈಯಿಂದ ಹೊರಟು ನಿಲ್ಲುವ ವಿಪಿಎನ್ ಹಾಕಿ.

ಪ್ರಶ್ನೆ: ಹಳೆಯ ಯಂತ್ರಗಳ ಸಂಗ್ರಹಕ್ಕೆ ಎರಡು ಮೋಡೆಮ್ ಸೇರಿಸಿ ಡಯಲ್-ಅಪ್ ಮಾಡಿದ್ದೇವೆ. ಪಿಂಗ್ ಹೋಗುತ್ತದೆ, ವೆಬ್ ಪುಟ ಮಾತ್ರ ತೆರೆಯುವುದಿಲ್ಲ. ವಿಳಾಸ ಹಂಚಿಕೆ ತಪ್ಪಿರಬಹುದೇ? (ಹವ್ಯಾಸಿ, ಮೈಸೂರು)

ಉತ್ತರ: ಪಿಂಗ್ ಹೋಗಿ ಬಂದಿತೆಂದರೆ ವಿಳಾಸ ಸರಿಯಿದೆ. ಈಗ 1400 ಬೈಟಿನ ಪಿಂಗ್ ಕಳಿಸಿ.

ಅದೂ ಬಂದರೆ ಹೆಡರ್ (ಪ್ಯಾಕೆಟ್‌ನ ತಲೆಬರಹ) ಸಂಕುಚನದ ಮೇಲೆ ಕಣ್ಣಿಡಿ. ವ್ಯಾನ್ ಜಾಕಬ್ಸನ್ ಪದ್ಧತಿ 1990ರ ಆರ್‌ಎಫ್‌ಸಿ 1144ರಲ್ಲಿದೆ. ಟಿಸಿಪಿ, ಐಪಿ ಎರಡರದೂ ಸೇರಿದ 40 ಬೈಟ್ ಹೆಡರನ್ನು ಮೂರರಿಂದ ಐದು ಬೈಟಿಗೆ ಇಳಿಸುತ್ತದೆ. ಟೆಲ್ನೆಟ್‌ನಲ್ಲಿ ಒಂದಕ್ಷರ ಒತ್ತಿದರೆ 41 ಬೈಟ್ ಹೋಗುತ್ತಿದ್ದ ಕಾಲದಲ್ಲಿ ಅದೊಂದು ವರ. ಎರಡು ತುದಿಗೂ ಇದರಲ್ಲಿ ಹೊಂದಾಣಿಕೆ ತಪ್ಪಿದರೆ ಪಿಂಗ್ ಮತ್ತು ಡಿಎನ್‌ಎಸ್ ಎಂದಿನಂತೆ ನಡೆದು ವೆಬ್ ಪುಟ ತರುವ ಟಿಸಿಪಿ ಮಾತ್ರ ಸಾಯುತ್ತದೆ, ಏಕೆಂದರೆ ಸಂಕುಚನ ಟಿಸಿಪಿಗೆ ಮಾತ್ರ. ಪಿಪಿಪಿಡಿಯಲ್ಲಿ "ನೋವಿಜೆ" ಹಾಕಿ. ವಿಂಡೋಸ್ 98ರಲ್ಲಿ "ಯೂಸ್ ಐಪಿ ಹೆಡರ್ ಕಂಪ್ರೆಷನ್" ಗುರುತು ತೆಗೆಯಿರಿ. ಹಾಗೇ ಹಳೆಯ ಜಾಲಪದ್ಧತಿಗಳಾದ ನೆಟ್‌ಬ್ಯೂಯಿ ಮತ್ತು ಐಪಿಎಕ್ಸ್ ಗುರುತುಗಳನ್ನೂ ತೆಗೆದುಬಿಡಿ; ಅವುಗಳ ಚೌಕಾಸಿ ಬೇರೆ ನಡೆದು ಸುಮ್ಮನೆ ಹೊತ್ತು ಹೋಗುತ್ತದೆ.

ದೊಡ್ಡ ಪಿಂಗ್ ಬಾರದಿದ್ದರೆ ಕೇಬಲ್ ನೋಡಿ. ಗಣಕಕ್ಕೂ ಮೋಡೆಮ್‌ಗೂ ನಡುವೆ ಹರಿವಿನ ನಿಯಂತ್ರಣ ತಂತಿಯಲ್ಲಿ, ಅಂದರೆ ಆರ್‌ಟಿಎಸ್-ಸಿಟಿಎಸ್ ಪಿನ್‌ಗಳಲ್ಲಿ, ಆಗಬೇಕು. ಅದರ ಬದಲು ಎಕ್ಸಾನ್-ಎಕ್ಸಾಫ್ ಇದ್ದರೆ 17 ಮತ್ತು 19 ಎಂಬ ಬೈಟುಗಳು ದಾರಿಯಲ್ಲೇ ಮಾಯವಾಗುತ್ತವೆ. ಸಣ್ಣ ಪ್ಯಾಕೆಟ್‌ನಲ್ಲಿ ಅವು ಇರದೆ ದಾಟಿಹೋಗಬಹುದು. ದೊಡ್ಡದರಲ್ಲಿ ಒಂದಾದರೂ ಸಿಕ್ಕಿ ಇಡೀ ಪ್ಯಾಕೆಟ್ ಕೆಡುತ್ತದೆ. ಪಿಪಿಪಿಡಿಯಲ್ಲಿ "ಸಿಆರ್‌ಟಿಎಸ್‌ಸಿಟಿಎಸ್" ಹಾಕಿ, ಎಲ್ಲ ತಂತಿಗಳೂ ಇರುವ ಕೇಬಲ್ ಬಳಸಿ. ಮೂರೇ ತಂತಿಯ ಕೇಬಲ್ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ದರೂ ಇದಕ್ಕೆ ಬೇಡ.

ಪ್ರಶ್ನೆ: ವಿಎಸ್‌ಎನ್‌ಎಲ್ ಕಾಲದ ವಿದ್ಯಾರ್ಥಿ ಶೆಲ್ ಖಾತೆಗೂ ಐಪಿ ವಿಳಾಸ ಇರುತ್ತಿತ್ತೇ? (ನಿವೃತ್ತ ಉಪನ್ಯಾಸಕರು, ಬೆಂಗಳೂರು)

ಉತ್ತರ: ಇರುತ್ತಿರಲಿಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಶೆಲ್ ಖಾತೆ ಅಗ್ಗದ್ದು, ಟಿಸಿಪಿ-ಐಪಿ ಖಾತೆ ದುಬಾರಿಯದು. ಶೆಲ್‌ನಲ್ಲಿ ನಿಮ್ಮ ಗಣಕ ಬರೀ ಅಕ್ಷರ ತೋರಿಸುವ ಪರದೆ. ಬ್ರೌಸರ್ ಓಡುತ್ತಿದ್ದುದು, ವಿಳಾಸ ಇದ್ದದ್ದು ಅವರ ಯುನಿಕ್ಸ್ ಯಂತ್ರಕ್ಕೆ. ಚಿತ್ರಗಳು ಕಾಣದಿದ್ದುದೂ ಅದಕ್ಕೇ.

ಇದಕ್ಕೊಂದು ಕಳ್ಳದಾರಿಯಾಗಿ 1995ರ ಹೊತ್ತಿಗೆ ಸ್ಲರ್ಪ್ ಎಂಬ ತಂತ್ರಾಂಶ ಹುಟ್ಟಿತು. ಶೆಲ್‌ನೊಳಗೆ ಅದನ್ನು ಓಡಿಸಿದರೆ ಅದೇ ಪಿಪಿಪಿ ಸರ್ವರಿನಂತೆ ನಟಿಸಿ ನಿಮ್ಮ ಗಣಕಕ್ಕೆ 10.0.2.15 ಎಂಬ ವಿಳಾಸ ಕೊಡುತ್ತಿತ್ತು. ಹೊರಗೆ ಹೋಗುವುದೆಲ್ಲ ಆ ಯುನಿಕ್ಸ್ ಯಂತ್ರದ ಹೆಸರಿನಲ್ಲಿ. ಆ ಅಂಕಿ ಎಲ್ಲೋ ನೋಡಿದಂತಿದೆ ಎನಿಸಿದರೆ ಸರಿಯೇ: ಗಣಕದೊಳಗೇ ಇನ್ನೊಂದು ಗಣಕ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಯಂತ್ರ ಮಾಡಿ ಜಾಲದ ಆಯ್ಕೆಯಲ್ಲಿ ನ್ಯಾಟ್ ಇಟ್ಟರೆ ಇವತ್ತಿಗೂ ಬರುವುದು 10.0.2.15, ಗೇಟ್‌ವೇ 10.0.2.2. ಕ್ಯೂಎಮುವಿನಲ್ಲೂ ಹಾಗೆಯೇ. ಶೆಲ್ ಖಾತೆಗಳು ಸತ್ತರೂ ಆ ಕೋಡ್ ಅಲ್ಲಿ ಉಳಿದಿದೆ.

ಪ್ರಶ್ನೆ: ಪಿಪಿಪಿಗೂ ಮುಂಚಿನ ಸ್ಲಿಪ್‌ನಲ್ಲಿ ವಿಳಾಸ ಹೇಗೆ ಸಿಗುತ್ತಿತ್ತು? (ಅದೇ ಮೈಸೂರಿನ ಹವ್ಯಾಸಿ)

ಉತ್ತರ: ಹೇಳುವ ದಾರಿಯೇ ಇರಲಿಲ್ಲ. 1988ರ ಆರ್‌ಎಫ್‌ಸಿ 1055ರಲ್ಲಿರುವುದು ಪ್ಯಾಕೆಟ್ ಎಲ್ಲಿ ಮುಗಿಯಿತು ಎಂದು ಗುರುತಿಸುವ ವಿಧಾನ ಮಾತ್ರ. ಲಾಗಿನ್ ಆದ ಮೇಲೆ ಸರ್ವರ್ "ನಿಮ್ಮ ವಿಳಾಸ ಇಂಥದ್ದು" ಎಂದು ಪರದೆಯ ಮೇಲೆ ಬರೆಯುತ್ತಿತ್ತು. ನೀವು ಅದನ್ನು ಓದಿ ಕೈಯಾರೆ ತುಂಬಬೇಕು, ಇಲ್ಲವೇ ಸ್ಕ್ರಿಪ್ಟ್ ಆ ಸಾಲಿನಿಂದ ಅಂಕಿಗಳನ್ನು ಕಿತ್ತುಕೊಳ್ಳಬೇಕು. ಸರ್ವರಿನವರು ಆ ಸಾಲಿನ ಒಂದು ಪದ ಬದಲಿಸಿದರೂ ಸ್ಕ್ರಿಪ್ಟ್ ಕೆಡುತ್ತಿತ್ತು.

ಪ್ರಶ್ನೆ: ಲಿನಕ್ಸಿನಲ್ಲಿ ಎಂಗೆಟಿ (ಮೋಡೆಮ್‌ಗೆ ಬಂದ ಕರೆ ಎತ್ತುವ ತಂತ್ರಾಂಶ) ಮತ್ತು ಪಿಪಿಪಿಡಿ ಹಾಕಿ ನಾನೇ ಡಯಲ್-ಇನ್ ಸರ್ವರ್ ಮಾಡಿದೆ. ಪಾಸ್‌ವರ್ಡ್ ಸರಿಯಾಗುತ್ತದೆ, ಮರುಕ್ಷಣ "ಪೀರ್ ಈಸ್ ನಾಟ್ ಆಥರೈಸ್ಡ್ ಟು ಯೂಸ್ ರಿಮೋಟ್ ಅಡ್ರೆಸ್" ಎಂದು ಕಡಿಯುತ್ತದೆ. (ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಪ್ಯಾಪ್-ಸೀಕ್ರೆಟ್ಸ್ ಕಡತದಲ್ಲಿ ಬಳಕೆದಾರರ ಹೆಸರು, ಸರ್ವರ್, ಪಾಸ್‌ವರ್ಡ್ ಆದ ಮೇಲೆ ನಾಲ್ಕನೆಯ ಕಂಬವಿದೆ. ಆ ಬಳಕೆದಾರ ಯಾವ ವಿಳಾಸ ಬಳಸಬಹುದು ಎಂದು ಅಲ್ಲಿ ಬರೆಯಬೇಕು. ಖಾಲಿ ಬಿಟ್ಟರೆ "ಯಾವುದೂ ಇಲ್ಲ" ಎಂದರ್ಥ. ಹೆಚ್ಚಿನವರು ಎಡವುವುದು ಇಲ್ಲೇ. ನಕ್ಷತ್ರ ಚಿಹ್ನೆ ಹಾಕಿದರೆ ಯಾವುದಾದರೂ ಸರಿ. ಆದರೆ 192.168.10.21 ಎಂದು ನಿಖರವಾಗಿ ಬರೆಯುವುದೇ ಒಳ್ಳೆಯದು, ಕರೆ ಮಾಡಿದವರು ತಮಗಿಷ್ಟ ಬಂದ ವಿಳಾಸ ಕೇಳಿದರೂ ಸಿಗುವುದಿಲ್ಲ.

ವಿಳಾಸದ ಜೋಡಿಯನ್ನು ಆ ಪೋರ್ಟಿನ ಆಯ್ಕೆಗಳ ಕಡತದಲ್ಲಿ 192.168.10.1:192.168.10.21 ಎಂದು ಬರೆಯಿರಿ; ಎಡದ್ದು ಸರ್ವರಿನದು, ಬಲದ್ದು ಕರೆ ಮಾಡಿದವರದು. ಎರಡು ಮೋಡೆಮ್ ಇದ್ದರೆ ಎರಡನೇ ಪೋರ್ಟಿನ ಕಡತದಲ್ಲಿ ಬಲಭಾಗ .22 ಇರಲಿ, ಎಡಭಾಗ ಅದೇ ಇರಲಿ. "ಎಂಎಸ್-ಡಿಎನ್‌ಎಸ್ 192.168.10.1" ಸೇರಿಸಿದರೆ 129ನೇ ಆಯ್ಕೆಯ ಕೋರಿಕೆಗೆ ಅದು ಉತ್ತರವಾಗುತ್ತದೆ. ಕರೆ ಮಾಡಿದವರು ನಿಮ್ಮ ಲ್ಯಾನಿನ ಉಳಿದ ಯಂತ್ರಗಳನ್ನು ಮುಟ್ಟಬೇಕೆಂದರೆ "ಪ್ರಾಕ್ಸಿಎಆರ್‌ಪಿ" ಬೇಕು: .21 ಎಲ್ಲಿ ಎಂದು ಲ್ಯಾನಿನವರು ಕೇಳಿದಾಗ ಸರ್ವರ್ "ನಾನೇ" ಎಂದು ಉತ್ತರಿಸುತ್ತದೆ. ಕರ್ನೆಲ್‌ನಲ್ಲಿ ಐಪಿ ಫಾರ್ವರ್ಡ್ 1 ಆಗಿದೆಯೇ ನೋಡಿ, ಮತ್ತು .21, .22 ಎರಡನ್ನೂ ಲ್ಯಾನಿನ ಡಿಎಚ್‌ಸಿಪಿ ಹಂಚುವ ಪಟ್ಟಿಯಿಂದ ಹೊರಗಿಡಿ.

ಪ್ರಶ್ನೆ: ಫೈಬರ್ ಪಿಪಿಪಿಒಇಯಲ್ಲಿ ಐಪಿವಿ4 ವಿಳಾಸ ಬಂದಿದೆ, ಐಪಿವಿ6 ಜಾಗದಲ್ಲಿ ಎಫ್‌ಇ80 ಎಂದು ಶುರುವಾಗುವುದು ಮಾತ್ರ ಇದೆ. (ಓದುಗರು, ಉಡುಪಿ)

ಉತ್ತರ: ಐಪಿಸಿಪಿಯ ಐಪಿವಿ6 ರೂಪವಾದ ಐಪಿವಿ6ಸಿಪಿ ಪೂರ್ತಿ ವಿಳಾಸ ಕೊಡುವುದಿಲ್ಲ. ಎರಡೂ ತುದಿ ವಿಳಾಸದ ಹಿಂಭಾಗದ 64 ಬಿಟ್ ಬಗ್ಗೆ ಮಾತ್ರ ಒಪ್ಪಂದಕ್ಕೆ ಬರುತ್ತವೆ, ಅದರಿಂದ ಆಗುವುದು ಆ ಲೈನಿನೊಳಗೆ ಮಾತ್ರ ನಡೆಯುವ, ನೀವು ಕಂಡ ಎಫ್‌ಇ80. ವಿಳಾಸದ ಮುಂಭಾಗ (ಪ್ರಿಫಿಕ್ಸ್) ರೂಟರ್ ಪ್ರಕಟಣೆಯಿಂದಲೋ ಡಿಎಚ್‌ಸಿಪಿವಿ6ನಿಂದಲೋ ಬರಬೇಕು (ಡಿಎಚ್‌ಸಿಪಿ ಇಲ್ಲಿ ಹಿತ್ತಲ ಬಾಗಿಲಿನಿಂದ ಒಳಬಂದಿದೆ). ರೂಟರಿನ ವ್ಯಾನ್ ಪುಟದಲ್ಲಿ "ಪ್ರಿಫಿಕ್ಸ್ ಡೆಲಿಗೇಷನ್" ಆನ್ ಮಾಡಿ ಪಿಪಿಪಿಒಇ ಕಡಿದು ಮತ್ತೆ ಸೇರಿಸಿ. ಅಲ್ಲೇ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಇದೆಯೇ ನೋಡಿ. ಈಥರ್ನೆಟ್ಟಿನ 1500ರಲ್ಲಿ ಪಿಪಿಪಿಒಇ ಹೆಡರಿಗೆ 6, ಪಿಪಿಪಿಗೆ 2 ಬೈಟ್ ಹೋಗುತ್ತವೆ. ಆಮೇಲೂ ಎಫ್‌ಇ80 ಒಂದೇ ಇದ್ದರೆ ನಿಮ್ಮ ಖಾತೆಗೆ ಆ ಕಡೆಯಿಂದ ಐಪಿವಿ6 ಕೊಟ್ಟಿಲ್ಲ. ದೂರು ಬರೆಯುವಾಗ "ಪ್ರಿಫಿಕ್ಸ್ ಬರುತ್ತಿಲ್ಲ" ಎಂದೇ ಬರೆಯಿರಿ.